ಅಣಬೆಯ ಹೆಸರಿಗೆ ಮೊದಲು ಮರದ ಹೆಸರು

ಹಸ್ತ ಮಳೆಯ ದಿನಗಳಿವು. ತಿರುಮಕೂಡಲು ನರಸೀಪುರದ ಕಾಲುವೆ ಬಯಲಿನಲ್ಲಿ ಭತ್ತ ಹೊಡೆಗೆ ಬಂದಿದೆ. ನಂಜನಗೂಡಿನ ಕಡೆ ಮೇಲುಹೊಲಗಳಲ್ಲಿ ರಾಗಿ ತೆನೆ ಕಟ್ಟುತ್ತಿದೆ. ಹಗಲು ಚುರುಕು ಬಿಸಿಲು, ಸಂಜೆಗೆ ಮೋಡ, ರಾತ್ರಿ ಒಂದು ಹದ ಮಳೆ. ಅಣಬೆ ಏಳುವುದಕ್ಕೆ ಇದಕ್ಕಿಂತ ಒಳ್ಳೆಯ ಹವೆ ಬೇಕಿಲ್ಲ. ಅಣಬೆ ಎಂದೊಡನೆ ನಮ್ಮ ಕಣ್ಣು ನೆಲ ನೋಡುತ್ತದೆ: ಹುತ್ತದ ಬುಡ, ತಿಪ್ಪೆಯ ಅಂಚು, ಹುಲ್ಲುಮೆದೆಯ ಮಗ್ಗುಲು. ಅಲ್ಲಿ ಸಿಕ್ಕಿದ್ದು ಸಾರಿಗೆ ಬರುತ್ತದೆ, ಅದಕ್ಕೇ ಅದಕ್ಕೆ ಬೆಲೆ. ನಾನು ಇವತ್ತು ಹೇಳಹೊರಟಿರುವುದು ಸಾರಿಗೆ ಬಾರದ ಅಣಬೆಗಳ ವಿಚಾರ. ಅವು ನೆಲದಲ್ಲಿಲ್ಲ. ನಾವು ದಿನವೂ ನೆರಳಿಗೆ ನಿಲ್ಲುವ, ಬೈಸಿಕಲ್ ಒರಗಿಸುವ, ದಾರ ಸುತ್ತಿ ಪ್ರದಕ್ಷಿಣೆ ಹಾಕುವ ಮರಗಳ ತೊಗಟೆಯ ಮೇಲಿವೆ.

ನರಸೀಪುರದವರಿಗೆ ಚಿಕ್ಕ ವಸ್ತುವಿನ ತೂಕ ಹೇಳಿಕೊಡಬೇಕಾಗಿಲ್ಲ. ಗುಂಜಾ ನರಸಿಂಹಸ್ವಾಮಿಯ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ನಂಬಿದ ಊರು ಇದು. ಅಕ್ಕಸಾಲಿಗರ ಲೆಕ್ಕದಲ್ಲಿ ಒಂದು ಗುಲಗಂಜಿ ಎಂದರೆ ಸುಮಾರು 0.12 ಗ್ರಾಂ. ತೊಗಟೆಯ ಅಣಬೆಗಳಲ್ಲಿ ಅನೇಕವು ಆ ಗುಲಗಂಜಿಯಷ್ಟೂ ತೂಗುವುದಿಲ್ಲ. ಟೊಪ್ಪಿಯ ಅಗಲ ಮೂರು ಮಿಲಿಮೀಟರಿನಿಂದ ಹತ್ತು ಮಿಲಿಮೀಟರು, ಕಾಲು ಹೊಲಿಗೆ ದಾರದಷ್ಟು ದಪ್ಪ. ಬೆಳಿಗ್ಗೆ ಇದ್ದದ್ದು ಮಧ್ಯಾಹ್ನದ ಬಿಸಿಲಿಗೆ ಮುದುಡಿ ತೊಗಟೆಯ ಬಣ್ಣದಲ್ಲಿ ಬಣ್ಣವಾಗಿಬಿಡುತ್ತದೆ.

ಇಂಥದನ್ನು ಹುಡುಕುವುದು ಹೇಗೆ, ಗುರುತಿಸುವುದು ಹೇಗೆ? ಅಣಬೆಯ ಪುಸ್ತಕ ಕೊಂಡವರು ಸಾಮಾನ್ಯವಾಗಿ ಮೊದಲು ಚಿತ್ರ ನೋಡುತ್ತಾರೆ, ಆಮೇಲೆ ಅಣಬೆ ನೋಡುತ್ತಾರೆ, ಎರಡೂ ಹೋಲಿದರೆ ಹೆಸರು ಸಿಕ್ಕಿತೆಂದುಕೊಳ್ಳುತ್ತಾರೆ. ದೊಡ್ಡ ಅಣಬೆಗಳ ವಿಷಯದಲ್ಲೇ ಈ ದಾರಿ ಅಪಾಯದ್ದು. ಕಿರು ಅಣಬೆಗಳ ವಿಷಯದಲ್ಲಂತೂ ನಡೆಯುವುದೇ ಇಲ್ಲ, ಏಕೆಂದರೆ ಮೇಲಿನಿಂದ ನೋಡಿದರೆ ಅವೆಲ್ಲ ಒಂದೇ ಥರ ಕಾಣುತ್ತವೆ. ಇಲ್ಲಿ ಕೆಲಸ ಶುರುವಾಗಬೇಕಾದದ್ದು ಮರದಿಂದ. ಯಾವ ಮರ, ತೊಗಟೆ ಎಂಥದು, ಅಣಬೆ ಕೂತ ಜಾಗ ಜೀವಂತವೋ ಒಣಗಿದ್ದೋ, ಯಾವ ಮಳೆಯಲ್ಲಿ ಎದ್ದಿತು. ಈ ನಾಲ್ಕು ಪ್ರಶ್ನೆಗೆ ಸೂಕ್ಷ್ಮದರ್ಶಕ ಉತ್ತರ ಕೊಡಲಾರದು. ಊರಿನಲ್ಲಿ ಇರುವವರು ಕೊಡಬಲ್ಲರು. ಹಾಗಾಗಿ ಈ ಕಿರು ಅಣಬೆಗಳನ್ನು ಗುರುತಿಸುವ ವಿದ್ಯೆಯಲ್ಲಿ ಅರ್ಧ ಪಾಲು ಈಗಾಗಲೇ ನಮ್ಮ ರೈತರ, ನಮ್ಮ ಮನೆಯ ಹೆಂಗಸರ, ದನ ಮೇಯಿಸುವ ಹುಡುಗರ ಕೈಯಲ್ಲಿದೆ ಎಂಬುದು ನನ್ನ ವಾದ.

ಮರದಿಂದಲೇ ಶುರು ಮಾಡೋಣ.

ತೊಗಟೆ ಎಂದರೆ ಎಲ್ಲ ಮರದ್ದೂ ಒಂದೇ ಅಲ್ಲ ಎಂಬುದನ್ನು ಕೈ ಸವರಿದವರು ಬಲ್ಲರು. ಸೀಬೆ ಮರ ವರ್ಷಕ್ಕೊಂದು ಸಲ ತೊಗಟೆ ಕಳಚಿ ನುಣ್ಣಗಾಗುತ್ತದೆ. ನೀಲಗಿರಿ ಉದ್ದುದ್ದ ಸುಲಿದು ಬೀಳಿಸುತ್ತದೆ. ಹೀಗೆ ಪೊರೆ ಬಿಡುವ ಮರದ ಮೇಲೆ ಹಾವಸೆಯಾಗಲಿ ಅಣಬೆಯಾಗಲಿ ಬೇರೂರುವುದಕ್ಕೆ ಪುರಸೊತ್ತೇ ಇರುವುದಿಲ್ಲ. ಹಳೆಯ ಹುಣಸೆ, ಹಳೆಯ ಬೇವು, ಮಾವು, ರಸ್ತೆ ಬದಿಯ ಮಳೆಮರ ಇವುಗಳ ತೊಗಟೆ ಬಿರುಕು ಬಿರುಕಾಗಿ, ದಪ್ಪವಾಗಿ, ಬೆಂಡಿನ ಹಾಗೆ ನೀರು ಹಿಡಿದುಕೊಳ್ಳುತ್ತದೆ. ಮಳೆ ನಿಂತ ಮೇಲೂ ಆ ಬಿರುಕುಗಳಲ್ಲಿ ಒಂದೆರಡು ದಿನ ತೇವ ಉಳಿಯುತ್ತದೆ. ಅಷ್ಟು ಹೊತ್ತು ಕಿರು ಅಣಬೆಗೆ ಸಾಕು. ಅರಳಿಯ ಎಳೆಗೊಂಬೆ ನುಣುಪು, ಬುಡದ ತೊಗಟೆ ಚಕ್ಕೆ ಚಕ್ಕೆ. ಹಾಗಾಗಿ ಒಂದೇ ಅರಳಿಯಲ್ಲಿ ಬುಡಕ್ಕೊಂದು ಸಂಸಾರ, ತುದಿಗೊಂದು ಸಂಸಾರ. ತೆಂಗಿಗೆ ನಿಜವಾದ ತೊಗಟೆಯೇ ಇಲ್ಲ, ಆದರೆ ಗರಿ ಬಿದ್ದ ಗಾಯದ ಸುತ್ತು ನೀರು ಹಿಡಿಯುತ್ತದೆ.

ಇನ್ನು ದಿಕ್ಕು. ಹಾವಸೆ ಮರದ ಉತ್ತರಕ್ಕೆ ಬೆಳೆಯುತ್ತದೆ ಎಂದು ಇಂಗ್ಲಿಷ್ ಪುಸ್ತಕಗಳಲ್ಲಿ ಓದಿರುತ್ತೇವೆ. ಅದು ಸೂರ್ಯ ವರ್ಷವೆಲ್ಲ ದಕ್ಷಿಣಕ್ಕೆ ಬಾಗಿರುವ ದೇಶಗಳ ಲೆಕ್ಕ. ನಮ್ಮದು 12 ಡಿಗ್ರಿ ಅಕ್ಷಾಂಶದ ಊರು, ಸೂರ್ಯ ನೆತ್ತಿಯ ಮೇಲೇ ಹಾದುಹೋಗುತ್ತಾನೆ. ಇಲ್ಲಿ ದಿಕ್ಕಿಗಿಂತ ವಾಲು ಮುಖ್ಯ. ಕಾಂಡ ಯಾವ ಕಡೆ ವಾಲಿದೆ, ಕೊಂಬೆಗಳ ನೀರೆಲ್ಲ ಕೂಡಿ ಯಾವ ಸಾಲಿನಲ್ಲಿ ಕೆಳಗಿಳಿಯುತ್ತದೆ ಎಂಬುದನ್ನು ನೋಡಬೇಕು. ಆ ಸಾಲಿನಲ್ಲಿ ತೊಗಟೆ ಕಪ್ಪಾಗಿರುತ್ತದೆ, ಹಾವಸೆ ಗುಪ್ಪೆ ಗುಪ್ಪೆಯಾಗಿ ಕೂತಿರುತ್ತದೆ. ಆ ನೀರಿನಲ್ಲಿ ಎಲೆಯ ದೂಳು, ಹಕ್ಕಿಯ ಹಿಕ್ಕೆಯ ಸಾರ ಎಲ್ಲ ಇಳಿದು ಬರುವುದರಿಂದ ಅದೊಂದು ಸಣ್ಣ ಗೊಬ್ಬರದ ಕಾಲುವೆ. ಹುಡುಕಾಟ ಅಲ್ಲಿಂದ.

ಹುಡುಕುವಾಗ ಎರಡು ಮೋಸಗಳಿವೆ. ತೊಗಟೆಯ ಮೇಲೆ ಬೂದು, ತಿಳಿಹಸಿರು, ಕೆಲವೊಮ್ಮೆ ಹಳದಿ ಬಣ್ಣದ ತೇಪೆಗಳು ಅಂಟಿಕೊಂಡಿರುತ್ತವೆ. ಅದು ಕಲ್ಲುಹೂವಿನ ಜಾತಿ. ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟ. ಶಿಲೀಂಧ್ರವೂ ಪಾಚಿಯೂ ಕೂಡಿ ಒಂದೇ ಒಡಲಾಗಿ ಬಾಳುವ ಜೀವ ಅದು. ಹತ್ತೊಂಬತ್ತನೆಯ ಶತಮಾನದ 60ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಶ್ವೆಂಡೆನರ್ ಎಂಬ ವಿಜ್ಞಾನಿ ಇದನ್ನು ಹೇಳಿದಾಗ ಬಹಳ ಜನ ನಂಬಲಿಲ್ಲ. ಎರಡನೆಯ ಮೋಸ ಲೋಳೆಬೂಸು. ಮಳೆಯ ಮಾರನೆಯ ದಿನ ತೊಗಟೆಯ ಮೇಲೆ ಕಂದು ಕುಚ್ಚುಗಳೋ ಗುಲಾಬಿ ಗುಂಡುಗಳೋ ಎದ್ದಿರುತ್ತವೆ, ಥೇಟ್ ಅಣಬೆಯ ಮರಿಗಳಂತೆ. ಆದರೆ ಅವು ಶಿಲೀಂಧ್ರ ಕುಲಕ್ಕೇ ಸೇರಿದವಲ್ಲ. ಎಳೆಯದಾಗಿದ್ದಾಗ ಅವು ಲೋಳೆಯಾಗಿ ನಿಧಾನವಾಗಿ ಹರಿದಾಡುತ್ತವೆ, ಸಿಕ್ಕ ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಬಲಿತ ಗುಂಡನ್ನು ಒಡೆದರೆ ಒಳಗೆಲ್ಲ ಪುಡಿ ಇರುತ್ತದೆ, ಟೊಪ್ಪಿಯಾಗಲಿ ಅಡಿಯ ಪದರವಾಗಲಿ ಇರುವುದಿಲ್ಲ.

ಇವೆರಡನ್ನೂ ದಾಟಿದ ಮೇಲೆ ನಿಜವಾದ ಅಣಬೆಗೆ ಬರೋಣ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಭೂತಗನ್ನಡಿ ಇದ್ದರೆ ಸಾಕು. ಅದನ್ನು ಕಣ್ಣಿಗೆ ಒತ್ತಿ ಹಿಡಿದು, ನಾವೇ ತೊಗಟೆಯ ಹತ್ತಿರ ಮುಖ ತರಬೇಕು. ಮರಕ್ಕೆ ಮೂಗು ತಾಗಿಸಿ ನಿಂತವನನ್ನು ದಾರಿಹೋಕರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ.

ಹಾವಸೆಯ ಗುಪ್ಪೆಯ ಅಂಚಿನಲ್ಲಿ ಮೈಸಿನಾ ಎಂಬ ಬಳಗದ ಅಣಬೆಯೊಂದು ಎದ್ದಿದೆ ಎನ್ನಿ. ಟೊಪ್ಪಿ ಐದು ಮಿಲಿಮೀಟರ್, ತಿಳಿಕಂದು, ಅಂಚಿನಿಂದ ನಡುವಿಗೆ ಗೆರೆಗಳು. ಗೆರೆ ಕಾಣುವುದು ಟೊಪ್ಪಿ ಅಷ್ಟು ತೆಳುವಾಗಿರುವುದರಿಂದ, ಕೆಳಗಿನ ಪದರಗಳು ಮೇಲಕ್ಕೆ ತೋರುತ್ತವೆ. ಈಗ ಕಾಲನ್ನು ನೋಡಿ. ತೊಗಟೆಯಿಂದ ಅದು ನೇರವಾಗಿ ಹೊರಕ್ಕೆ ಬಂದಿದೆ, ಅರ್ಧ ದಾರಿಯಲ್ಲಿ ಮೇಲಕ್ಕೆ ಬಾಗಿದೆ, ಟೊಪ್ಪಿ ಮಾತ್ರ ಸಮತಟ್ಟಾಗಿ ಕೂತಿದೆ. ಇದು ಅಂದಕ್ಕೆ ಮಾಡಿದ್ದಲ್ಲ. ಟೊಪ್ಪಿಯ ಅಡಿಯಲ್ಲಿ ಪದರಗಳಿವೆ, ಕಿವಿರು ಎನ್ನಿ. ಆ ಕಿವಿರುಗಳ ಎರಡೂ ಮೈಯಿಂದ ಬೀಜಾಣುಗಳು ಚಿಮ್ಮಿ, ಎರಡು ಕಿವಿರುಗಳ ನಡುವಿನ ಇಕ್ಕಟ್ಟಿನಲ್ಲಿ ಯಾವುದಕ್ಕೂ ತಾಗದೆ ನೇರ ಕೆಳಗೆ ಬಿದ್ದು ಗಾಳಿ ಸೇರಬೇಕು. ಕಿವಿರು ಕಿಂಚಿತ್ತು ಓರೆಯಾದರೂ ಬೀಜಾಣು ಪಕ್ಕದ ಗೋಡೆಗೆ ಅಂಟಿ ವ್ಯರ್ಥ. ನಿಂತ ಗೋಡೆಯಂಥ ತೊಗಟೆಯ ಮೇಲೆ ಹುಟ್ಟಿದ ಅಣಬೆ ಕಾಲು ಬಾಗಿಸಿಯೇ ಟೊಪ್ಪಿಯನ್ನು ಮಟ್ಟಕ್ಕೆ ತರಬೇಕು. ಗಟ್ಟಿ ಹಲಗೆ ಅಣಬೆಗಳಿಗೆ ಹೀಗೆ ಬಾಗುವ ಕಾಲಿಲ್ಲ. ಮರ ಬಿದ್ದರೆ ಅವು ಹಳೆಯ ಹಲಗೆಯನ್ನು ಬಿಟ್ಟು ಹೊಸ ಹಲಗೆಯನ್ನು ನೆಲಕ್ಕೆ ಮಟ್ಟವಾಗಿ ಬೆಳೆಸುತ್ತವೆ. ಬಿದ್ದ ಮರದಲ್ಲಿ ಎರಡು ದಿಕ್ಕಿನ ಹಲಗೆ ಕಂಡರೆ, ಮರ ಬೀಳುವ ಮುಂಚೆಯೇ ಅಣಬೆ ಹಿಡಿದಿತ್ತೆಂದು ತಿಳಿಯಬಹುದು.

ಟೊಪ್ಪಿಯ ಅಡಿಯನ್ನು ನೋಡದೆ ಯಾವ ಅಣಬೆಗೂ ಹೆಸರಿಡಬಾರದು. ಅಡಿಯಲ್ಲಿ ಕಿವಿರು ಇರಬಹುದು, ಸಣ್ಣ ರಂಧ್ರ ಇರಬಹುದು, ಬರೀ ನುಣುಪು ಇರಬಹುದು. ಕಿವಿರಿದ್ದರೆ ಎಷ್ಟಿವೆ, ಕಾಲಿಗೆ ತಾಗುತ್ತವೆಯೋ ಇಲ್ಲವೋ ನೋಡಬೇಕು. ಮೈಸಿನಾದ ಕೆಲವು ತೊಗಟೆ ಜಾತಿಗಳಲ್ಲಿ ಪೂರ್ತಿ ಉದ್ದದ ಕಿವಿರು ಹತ್ತನ್ನೂ ಮುಟ್ಟುವುದಿಲ್ಲ. ಕಾಲು ತೊಗಟೆಯಿಂದ ನೇರವಾಗಿ ಚುಚ್ಚಿಕೊಂಡಂತೆ ಬಂದಿದೆಯೋ, ಬುಡದಲ್ಲಿ ಪುಟ್ಟ ಬಿಲ್ಲೆಯಂಥ ಪೀಠವಿದೆಯೋ ಅದನ್ನೂ ಬರೆದುಕೊಳ್ಳಬೇಕು.

ಮಾವು, ನುಗ್ಗೆ, ಹೊಂಗೆಯ ಒಣಕೊಂಬೆಗಳ ಮೇಲೆ ನಿಮಗೆ ಖಂಡಿತ ಸಿಗುವ ಇನ್ನೊಂದು ಅಣಬೆ ಇದೆ. ಬಿಳಿ ಬೂದು ಬಣ್ಣ, ಬೀಸಣಿಗೆಯ ಆಕಾರ, ಮೈಮೇಲೆ ತುಪ್ಪಟದಂಥ ರೋಮ, ಒಂದರಿಂದ ಮೂರು ಸೆಂಟಿಮೀಟರ್ ಅಗಲ. ಅಡಿ ತಿರುಗಿಸಿದರೆ ಪ್ರತಿ ಕಿವಿರೂ ಉದ್ದಕ್ಕೆ ಎರಡಾಗಿ ಸೀಳಿದೆ. ಸ್ಕಿಜೋಫಿಲಮ್ ಕಮ್ಯೂನ್ ಎಂದು ಇದರ ಶಾಸ್ತ್ರೀಯ ಹೆಸರು. ಒಣ ಹವೆಯಲ್ಲಿ ಸೀಳಿದ ಎರಡು ಹೋಳೂ ಹಿಂದಕ್ಕೆ ಸುರುಳಿ ಸುತ್ತಿ ಬೀಜಾಣು ಹುಟ್ಟುವ ಮೈಯನ್ನು ಒಳಗೆ ಬಚ್ಚಿಡುತ್ತವೆ. ಮಳೆ ಬಿದ್ದರೆ ಬಿಚ್ಚಿಕೊಂಡು ಕೆಲಸ ಮುಂದುವರಿಸುತ್ತವೆ. ಒಣಗಿದ ಕೊಂಬೆ ತಂದು ನೀರಿನಲ್ಲಿ ಅದ್ದಿದರೆ ಮನೆಯಲ್ಲೇ ಇದನ್ನು ನೋಡಬಹುದು. ಕೆನಡಾದಲ್ಲಿದ್ದ ಬುಲ್ಲರ್ ಎಂಬ ಶಿಲೀಂಧ್ರ ವಿಜ್ಞಾನಿ ಕಳೆದ ಶತಮಾನದ ಆರಂಭದಲ್ಲಿ ಇಂಥ ಅಣಬೆಗಳನ್ನು ಒಣಗಿಸಿ ಗಾಳಿ ತೆಗೆದ ಗಾಜಿನ ನಳಿಗೆಯಲ್ಲಿ ಮುಚ್ಚಿಟ್ಟಿದ್ದರು. ಸುಮಾರು ಐವತ್ತು ವರ್ಷವಾದ ಮೇಲೆ ತೆರೆದು ತೇವ ಕೊಟ್ಟಾಗ ಅವು ಬಿಚ್ಚಿಕೊಂಡು ಬೀಜಾಣು ಉದುರಿಸಿದವು. ನಮ್ಮಲ್ಲಿ ಯಾರೂ ಕಣ್ಣೆತ್ತಿ ನೋಡದ ಈ ಅಣಬೆಯನ್ನು ಮಣಿಪುರದಲ್ಲಿ ಕಾಂಗ್ಲಾಯೆನ್ ಎಂದು ಕರೆದು ಅಡುಗೆಗೆ ಬಳಸುತ್ತಾರೆ.

ಅದೇ ಒಣಕೊಂಬೆಗಳ ಮೇಲೆ ಮೃದ್ವಸ್ಥಿಯಂಥ ಕಂದು ಕಿವಿಗಳು, ಅಂದರೆ ಮರಗಿವಿ ಅಣಬೆ. ಕೊಯ್ದುಬಿಟ್ಟ ದಿಮ್ಮಿಗಳ ಸೀಳಿನಲ್ಲಿ ಕಿತ್ತಳೆ ಬಣ್ಣದ ಲೋಳೆ ನಾಲಿಗೆಗಳು, ಡ್ಯಾಕ್ರಿಯೋಪಿನ್ಯಾಕ್ಸ್ ಎಂಬವು. ಹಳೆಯ ಮರದ ಬುಡದಲ್ಲಿ ನೂರಾರು ಸಂಖ್ಯೆಯಲ್ಲಿ ಒಟ್ಟಿಗೆ ಎದ್ದು ಎರಡು ದಿನದಲ್ಲಿ ಮಾಯವಾಗುವ ಬೂದು ಟೊಪ್ಪಿಗಳು ಕೊಪ್ರಿನೆಲ್ಲಸ್. ಒಣಗಿದ ತೆಂಗಿನ ಮಟ್ಟೆಯ ಮೇಲೆ ಬಿಳಿ ಪುಟ್ಟ ಟೊಪ್ಪಿಗಳು, ಮರಾಸ್ಮಿಯಸ್ ಬಳಗದ ಕಡೆಯವು. ಇವನ್ನು ಗುರುತಿಸುವುದು ಅಷ್ಟು ಕಷ್ಟವಿಲ್ಲ.

ಕಷ್ಟ ಬರುವುದು ಒಂದನ್ನೊಂದು ಹೋಲುವವುಗಳಲ್ಲಿ. ಅಲ್ಲಿ ಒಂದು ಹಳೆಯ ಉಪಾಯವಿದೆ, ಯಾವ ಯಂತ್ರವೂ ಬೇಡ. ಅಣಬೆಯ ಟೊಪ್ಪಿಯನ್ನು ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ, ಕಿವಿರು ಕೆಳಗೆ ಬರುವಂತೆ ಇಟ್ಟು, ಮೇಲೊಂದು ಲೋಟ ಬೋರಲು ಹಾಕಿ ರಾತ್ರಿ ಬಿಡಬೇಕು. ಬೆಳಿಗ್ಗೆ ಎತ್ತಿದರೆ ಕಾಗದದ ಮೇಲೆ ಬೀಜಾಣುಗಳ ಪುಡಿ ಕಿವಿರಿನ ಸಾಲು ಸಾಲಾಗಿ ಅಚ್ಚೊತ್ತಿರುತ್ತದೆ. ಮೈಸಿನಾ, ಮರಾಸ್ಮಿಯಸ್‌ಗಳ ಅಚ್ಚು ಬಿಳಿ, ಕಪ್ಪು ಭಾಗದಲ್ಲಿ ಕಾಣುತ್ತದೆ. ಕೊಪ್ರಿನೆಲ್ಲಸ್‌ನದು ಕಪ್ಪು. ತೊಗಟೆಗೆ ಮಗ್ಗುಲಿನಿಂದ ಅಂಟಿದ, ಕಾಲೇ ಇಲ್ಲದ ಬಿಳಿಯ ಕಿರು ಅಣಬೆಗಳಲ್ಲಿ ಕ್ರೆಪಿಡೋಟಸ್ ಎಂಬುದಿದೆ. ಎಳೆಯದರಲ್ಲಿ ಅದರ ಕಿವಿರೂ ಬಿಳಿ, ಪಕ್ಕದಲ್ಲಿ ಬೇರೆ ಕುಲದ ಬಿಳಿ ಅಣಬೆ ಇಟ್ಟರೆ ಭೇದ ತಿಳಿಯದು. ಕಾಗದದ ಮೇಲೆ ಬೆಳಿಗ್ಗೆ ಒಂದು ಕಂದು ಅಚ್ಚು, ಇನ್ನೊಂದು ಬಿಳಿ ಅಚ್ಚು. ಅಲ್ಲಿಗೆ ಜಗಳ ತೀರಿತು. ಸ್ವೀಡನ್ನಿನ ಎಲಿಯಾಸ್ ಫ್ರೀಸ್ 1821ರಿಂದ 1832ರವರೆಗೆ ಪ್ರಕಟಿಸಿದ ಸಂಪುಟಗಳಲ್ಲಿ ಕಿವಿರಿನ ಅಣಬೆಗಳನ್ನು ಬೀಜಾಣುವಿನ ಬಣ್ಣದಿಂದಲೇ ವಿಂಗಡಿಸಿದ. ಇನ್ನೂರು ವರ್ಷವಾದರೂ ಹೊಲದಲ್ಲಿ ನಿಂತು ಮಾಡುವ ಗುರುತಿಗೆ ಅದೇ ಆಧಾರ.

ಫ್ರೀಸ್ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದ. ಮರಾಸ್ಮಿಯಸ್ ಬಳಗದವು ಒಣಗಿದರೂ ಕೊಳೆಯುವುದಿಲ್ಲ. ನೀರು ತಾಗಿದರೆ ಮತ್ತೆ ಮೊದಲಿನಂತೆ ಅರಳುತ್ತವೆ. ಮೈಸಿನಾ ಒಮ್ಮೆ ಮುದುಡಿದರೆ ಮುಗಿಯಿತು. ಎರಡರ ಅಚ್ಚೂ ಬಿಳಿಯಾದ್ದರಿಂದ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಪ್ರಯೋಗಾಲಯದಲ್ಲಿ ಇವೆರಡರ ಭೇದವನ್ನು ಅಯೋಡಿನ್ ದ್ರಾವಣದಿಂದ ನೋಡುತ್ತಾರೆ. ಮೈಸಿನಾದ ಬಹುಪಾಲು ಜಾತಿಗಳ ಬೀಜಾಣು ಅದರಲ್ಲಿ ನೀಲಿ ಕಪ್ಪಾಗುತ್ತದೆ, ಮರಾಸ್ಮಿಯಸ್‌ನದು ಆಗುವುದಿಲ್ಲ. ಬೀಜಾಣುವಿನ ಉದ್ದ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸು. ಅದರ ಆಕಾರ, ಕಿವಿರಿನ ಅಂಚಿನಲ್ಲಿರುವ ವಿಶೇಷ ಕೋಶಗಳ ಆಕಾರ ಇವೆಲ್ಲ ಸೂಕ್ಷ್ಮದರ್ಶಕದ ಕೆಲಸ. ಅದೂ ಸಾಲದಿದ್ದರೆ ಡಿಎನ್‌ಎ. ಅಣಬೆಗಳಿಗೆ ಐಟಿಎಸ್ ಎಂಬ ಡಿಎನ್‌ಎ ತುಣುಕನ್ನು ಗುರುತಿನ ಪಟ್ಟಿಯಾಗಿ 2012ರಲ್ಲಿ ವಿಜ್ಞಾನಿಗಳು ಒಪ್ಪಿಕೊಂಡಿದ್ದಾರೆ. ಆದರೆ ಯಾವ ಡಿಎನ್‌ಎ ಪರೀಕ್ಷೆಯೂ ಈ ಅಣಬೆ ನರಸೀಪುರದ ಹುಣಸೆಯ ತೊಗಟೆಯ ಮೇಲೆ, ಹಾವಸೆಯ ನಡುವೆ, ಹಸ್ತ ಮಳೆಯಲ್ಲಿ ಎದ್ದಿತ್ತು ಎಂದು ಹೇಳುವುದಿಲ್ಲ. ಈ ವಿವರ ಬರೆದ ಚೀಟಿ ಇಲ್ಲದ ಅಣಬೆಯನ್ನು ಎಷ್ಟು ಚೆನ್ನಾಗಿ ಪರೀಕ್ಷಿಸಿದರೂ ಅರ್ಧ ಕಥೆ ಕಳೆದುಹೋಗಿರುತ್ತದೆ.

ಮರದ ಹೆಸರಿಗೆ ಇಷ್ಟು ಪ್ರಾಶಸ್ತ್ಯ ಏಕೆ ಎಂದು ಕೇಳಬಹುದು. ನಮ್ಮ ಸೀಮೆಯ ಶಿಲೀಂಧ್ರ ವಿಜ್ಞಾನದ ಕಥೆಯೇ ಹಾಗಿದೆ. ಮೈಸೂರು ಸರ್ಕಾರ 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಕರೆಸಿಕೊಂಡಿತು. ಅವರು ಮೊದಲು ಕೈಹಾಕಿದ್ದು ಅಡಿಕೆಯ ಕೊಳೆರೋಗಕ್ಕೆ. ಮಲೆನಾಡಿನ ಬೆಳೆಗಾರರಿಗೆ ಆ ರೋಗ ಯಾವ ಮಳೆಯಲ್ಲಿ ಬರುತ್ತದೆ, ಯಾವ ತೋಟಕ್ಕೆ ಹೆಚ್ಚು ಎಂಬುದೆಲ್ಲ ಮೊದಲೇ ಗೊತ್ತಿತ್ತು. ಮಳೆಗೆ ಮುಂಚೆ ಗೊನೆಗೆ ಕೊಟ್ಟೆ ಕಟ್ಟಿ ಕಾಯುತ್ತಿದ್ದರು. ಕೋಲ್ಮನ್ ಅದರ ಹಿಂದಿನ ಜೀವಿಯನ್ನು ಗುರುತಿಸಿದರು, ಸುಣ್ಣ ಮತ್ತು ಮೈಲುತುತ್ತದ ಬೋರ್ಡೋ ದ್ರಾವಣದ ಸಿಂಪಡಣೆ ಬಳಕೆಗೆ ಬಂತು. ಆ ಜೀವಿಯನ್ನು ಇವತ್ತು ಶಿಲೀಂಧ್ರ ಕುಲದಿಂದ ಹೊರಗಿಟ್ಟಿದ್ದಾರೆ, ಆದರೆ ಮರ, ಮಳೆ, ಜಾಗ ಇವುಗಳ ತಿಳಿವಳಿಕೆಯೊಡನೆ ಪ್ರಯೋಗಾಲಯ ಕೈಜೋಡಿಸಿದ ಆ ರೀತಿ ಈಗಲೂ ಸರಿಯೇ.

ಆಮೇಲಿನ ತಲೆಮಾರಿನಲ್ಲಿ ಬಂದವರು ಎಂ. ಜೆ. ತಿರುಮಲಾಚಾರ್. 1914ರಲ್ಲಿ ಹುಟ್ಟಿದ ಇವರು ಮೈಸೂರು ಸೀಮೆಯ ತುಕ್ಕು ಮತ್ತು ಕಾಡಿಗೆ ರೋಗದ ಶಿಲೀಂಧ್ರಗಳನ್ನು ಹುಡುಕಿ ವಿವರಿಸಿದರು. ತುಕ್ಕು ಶಿಲೀಂಧ್ರ ಎಲೆಯ ಮೇಲಿನ ಒಂದು ಕಿತ್ತಳೆ ಚುಕ್ಕೆ. ಅದನ್ನು ಗುರುತಿಸುವವನು ಮೊದಲು ಗಿಡವನ್ನು ಗುರುತಿಸಲೇಬೇಕು, ಏಕೆಂದರೆ ಪ್ರತಿ ತುಕ್ಕಿಗೂ ತನ್ನದೇ ಗಿಡವುಂಟು. ಗಿಡ ತಪ್ಪಿದರೆ ತುಕ್ಕೂ ತಪ್ಪಿದಂತೆ. ಹೀಗೆ ಚುಕ್ಕೆಗಳ ಹಿಂದೆ ಬಿದ್ದವರು ಮುಂದೆ ಪುಣೆಯ ಹತ್ತಿರ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯ ಸಂಶೋಧನೆಯ ಮುಖ್ಯಸ್ಥರಾದರು. 1960ರ ದಶಕದ ಆರಂಭದಲ್ಲಿ ಅಲ್ಲಿ ಹೊರಬಂದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧಿಯ ಹಿಂದೆ ಇದ್ದವರು ಇವರು. ಚಿಕ್ಕದನ್ನು ನೋಡುವ ಕಣ್ಣು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದಕ್ಕೆ ನಮ್ಮ ನಾಡಿನದೇ ಸಾಕ್ಷಿ.

ಯಾವುದರ ಮೇಲೆ ಬೆಳೆಯುತ್ತದೆ ಎಂಬ ಮಾತು ಬಂದಾಗ ಇತ್ತೀಚಿನ ಒಂದು ಸಂಗತಿ ಹೇಳಲೇಬೇಕು. 2023ರ ಜೂನ್ ತಿಂಗಳಲ್ಲಿ ಕುದುರೆಮುಖದ ತಪ್ಪಲು, ಕಾರ್ಕಳದ ಮಾಳದ ಬಳಿ ಮಳೆನೀರಿನ ಹೊಂಡವೊಂದರಲ್ಲಿ ಕಪ್ಪೆ ನೋಡಲು ಹೋದವರಿಗೆ, ಜೀವಂತ ಕಪ್ಪೆಯೊಂದರ ಪಕ್ಕೆಯಲ್ಲಿ ಪುಟ್ಟ ಅಣಬೆಯೊಂದು ಎದ್ದಿರುವುದು ಕಂಡಿತು. ಚಿತ್ರ ನೋಡಿದ ತಜ್ಞರು ಅದು ಮೈಸಿನಾ ಬಳಗದ್ದೆಂದರು. ಕೊಳೆತ ಕಟ್ಟಿಗೆ, ತೊಗಟೆಯ ಮೇಲೆ ಇರಬೇಕಾದ್ದು ಕಪ್ಪೆಯ ಮೈಮೇಲೆ. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದರ ಚಿತ್ರ ಬಂತು. ಕಂಡವರು ಕಪ್ಪೆಯನ್ನು ಹಿಡಿದು ತರಲಿಲ್ಲ, ಹಾಗಾಗಿ ಯಾವ ಜಾತಿ ಎಂಬ ಕೊನೆಯ ಹೆಸರು ಸಿಗಲಿಲ್ಲ. ಆದರೂ ಆ ವರದಿಗೆ ಬೆಲೆ ಬಂದಿದೆ. ಎಲ್ಲಿ, ಯಾವಾಗ, ಯಾವುದರ ಮೇಲೆ ಎಂಬ ಮೂರೂ ಅದರಲ್ಲಿತ್ತು.

ಈಗ ಊರಿನಲ್ಲಿ ಎಲ್ಲರೂ ಕೇಳುವ ಎರಡು ಪ್ರಶ್ನೆಗೆ ಬರುತ್ತೇನೆ. ಈ ಅಣಬೆಯಿಂದ ಮರಕ್ಕೆ ಕೇಡೇ? ತಿನ್ನಬಹುದೇ?

ಹಾವಸೆಯ ನಡುವೆ ಏಳುವ ಕಿರು ಅಣಬೆಗಳಿಂದ ಮರಕ್ಕೆ ಏನೂ ಕೇಡಿಲ್ಲ. ತೊಗಟೆಯ ಹೊರಪದರ ಸತ್ತ ಕೋಶಗಳದು. ಅಣಬೆಯ ಎಳೆಗಳು ಅದನ್ನು ಕರಗಿಸಿ ತಿನ್ನುತ್ತವೆ, ಒಳಗಿನ ಜೀವದ ಪದರಕ್ಕೆ ಹೋಗುವುದಿಲ್ಲ. ಕತ್ತಿಯಿಂದ ಹೆರೆದು ತೆಗೆಯುವವರೇ ತೊಗಟೆಗೆ ಗಾಯ ಮಾಡಿ ಕೆಟ್ಟ ಶಿಲೀಂಧ್ರಗಳಿಗೆ ಬಾಗಿಲು ತೆರೆಯುತ್ತಾರೆ. ಒಣಕೊಂಬೆಯ ಅಣಬೆ ಕೊಂಬೆ ಸತ್ತಿದೆ ಎಂದು ಹೇಳುತ್ತದೆ ಅಷ್ಟೆ, ಕೊಂದದ್ದು ಬೇರೆ ಯಾವುದೋ ಇರಬಹುದು.

ಆದರೆ ಬುಡದ ಮಾತು ಬೇರೆ. ತೆಂಗು, ಅಡಿಕೆ, ಗುಲ್‌ಮೊಹರ್ ಇವುಗಳ ಬುಡದಲ್ಲಿ ಅರಗು ಬಳಿದಂಥ ಹೊಳಪಿನ, ಕೆಂಪುಕಂದು ಬಣ್ಣದ ಗಟ್ಟಿ ಹಲಗೆ ಎದ್ದರೆ ಅದು ಗ್ಯಾನೊಡರ್ಮ. ತೆಂಗಿನವರು, ಅಡಿಕೆಯವರು ಅದನ್ನು ಅಣಬೆ ರೋಗವೆಂದೇ ಕರೆಯುತ್ತಾರೆ. ಅಲ್ಲಿ ಅಣಬೆ ಕಾಣಿಸುವ ಹೊತ್ತಿಗೆ ಬೇರು ಬಹಳ ಮಟ್ಟಿಗೆ ಕೊಳೆತಿರುತ್ತದೆ. ಕೆಳಗಿನ ಗರಿಗಳು ಜೋತುಬೀಳುವುದು, ಬುಡದ ಬಿರುಕಿನಿಂದ ಕಂದು ರಸ ಒಸರುವುದು ಮುಂಚಿನ ಸೂಚನೆ. ಅದನ್ನು ಕಂಡ ಕೂಡಲೇ ಆ ಮರದ ಸುತ್ತ ಕಾಲುವೆ ತೆಗೆದು ಬೇರೆ ಮರಗಳಿಂದ ಬೇರ್ಪಡಿಸಬೇಕು. ಬೇವಿನ ಹಿಂಡಿಯೊಡನೆ ಟ್ರೈಕೋಡರ್ಮ ಕೊಡುತ್ತಾರೆ. ಟ್ರೈಕೋಡರ್ಮವೂ ಒಂದು ಶಿಲೀಂಧ್ರವೇ, ಒಂದನ್ನು ಇನ್ನೊಂದರಿಂದ ಹದ್ದಿನಲ್ಲಿಡುವ ಉಪಾಯ. ನಂಜನಗೂಡಿನ ರಸಬಾಳೆಯನ್ನು ನೆಲ ಕಚ್ಚಿಸಿದ ಪನಾಮಾ ಸೊರಗು ರೋಗವೂ ಶಿಲೀಂಧ್ರದ್ದೇ, ಆದರೆ ಅದಕ್ಕೆ ಅಣಬೆಯೇ ಏಳುವುದಿಲ್ಲ. ಮಣ್ಣಿನಲ್ಲೇ ಇದ್ದು ಬೇರಿನಿಂದ ಒಳಗೆ ನುಗ್ಗುತ್ತದೆ. ಹೀಗೆ ಕಣ್ಣಿಗೆ ಕಂಡದ್ದು ನಿರಪಾಯ, ಕಾಣದ್ದು ಕಂಟಕ ಎಂಬ ವಿಪರ್ಯಾಸವೂ ಉಂಟು. ಅದಕ್ಕೇ ಯಾವ ಅಣಬೆ ಎಂದು ತಿಳಿಯುವುದು ಬರೀ ಕುತೂಹಲದ ಕೆಲಸವಲ್ಲ.

ತಿನ್ನುವ ಪ್ರಶ್ನೆಗೆ ಉತ್ತರ ಚಿಕ್ಕದು. ತಿನ್ನಬೇಡಿ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಳು ತಿಂದಿದ್ದರೆ ನಿರಪಾಯ, ಅರಿಶಿನ ಹಾಕಿ ಬೇಯಿಸಿದರೆ ವಿಷ ಹೋಗುತ್ತದೆ ಎಂಬುವೆಲ್ಲ ಬರೀ ಮಾತು. ಮಳೆಗಾಲದಲ್ಲಿ ಹುಲ್ಲಿನ ಮೇಲೆ ಏಳುವ, ಅಂಗೈಗಿಂತ ಅಗಲದ, ಬಿಳಿಯ ಚೆಂದದ ಅಣಬೆಯೊಂದಿದೆ, ಕ್ಲೋರೋಫಿಲಮ್. ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ. ಮೇಲೆ ನೋಡಿದರೆ ತಿನ್ನುವ ಅಣಬೆಯಂತೆಯೇ ಕಾಣುತ್ತದೆ. ಕಾಗದದ ಮೇಲೆ ಇಟ್ಟರೆ ಅಚ್ಚು ಹಸಿರು. ಹಾಗೆಂದು ಅಚ್ಚು ಬಿಳಿ ಬಂದದ್ದನ್ನೆಲ್ಲ ತಿನ್ನಬಹುದೆಂದಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಅಮಾನಿಟದ ಅಚ್ಚು ಬಿಳಿಯೇ.

ಮಲೆನಾಡಿನಲ್ಲಿ ಅಣಬೆ ಇರಬೇಕು,  ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಬಯಲಿನಲ್ಲಿ ಏನಿದ್ದೀತು ಎಂದು ಕೇಳುವವರಿದ್ದಾರೆ. ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟಿರುವ ಶಿಲೀಂಧ್ರಗಳು ಸುಮಾರು ಒಂದೂವರೆ ಲಕ್ಷ. ಇರಬಹುದಾದದ್ದು 22 ಲಕ್ಷದಿಂದ 38 ಲಕ್ಷ ಎಂದು 2017ರಲ್ಲಿ ಹಾಕ್ಸ್‌ವರ್ತ್ ಮತ್ತು ಲ್ಯೂಕಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಅಂದಾಜು ಮಾಡಿದರು. ಹೆಸರಿಲ್ಲದವು ಇಷ್ಟೊಂದು ಲಕ್ಷ ಇರುವಾಗ ಅವೆಲ್ಲ ಘಟ್ಟದ ಮೇಲೇ ಇರಬೇಕೆಂದೇನೂ ಇಲ್ಲ. ಕಾವೇರಿ ಕಪಿಲೆಯರ ದಂಡೆ, ಸಂಗಮದ ಅಗಸ್ತ್ಯೇಶ್ವರ ದೇಗುಲದ ಸುತ್ತಿನ ಹಳೆಯ ಮರಗಳು, ಬನ್ನೂರು ಬಯಲಿನ ಕಾಲುವೆ ಏರಿ, ನಂಜನಗೂಡಿನ ಹೊಳೆದಡ, ಇಲ್ಲೆಲ್ಲ ಮಳೆ ಕಡಿಮೆಯಾದರೂ ನೀರಿನ ಪಸೆ ಇದೆ, ವಯಸ್ಸಾದ ತೊಗಟೆ ಇದೆ.

ಕೊನೆಯದಾಗಿ, ಮಾಡಬೇಕಾದದ್ದು. ಮನೆಯ ಹತ್ತಿರದ ಒಂದೇ ಒಂದು ಹಳೆಯ ಮರ ಆರಿಸಿಕೊಳ್ಳಿ. ಮಳೆ ಬಿದ್ದ ಮಾರನೆಯ ಬೆಳಿಗ್ಗೆ, ಬಿಸಿಲೇರುವ ಮುಂಚೆ ನೋಡಿ. ಅಣಬೆ ಕಂಡರೆ ಮೇಲಿನಿಂದ ಒಂದು, ಅಡಿಯಿಂದ ಒಂದು, ಮಗ್ಗುಲಿನಿಂದ ಒಂದು, ಇಡೀ ಮರದ್ದೊಂದು, ಹೀಗೆ ನಾಲ್ಕು ಚಿತ್ರ ಮೊಬೈಲಿನಲ್ಲಿ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಗುಂಪಿನಲ್ಲಿ ಎದ್ದಿದ್ದರೆ ಎರಡು ಮೂರನ್ನು ಮಾತ್ರ, ಬುಡಸಮೇತ, ತೊಗಟೆಗೆ ಗಾಯವಾಗದಂತೆ ಬಿಡಿಸಿ. ಪೂಜೆಯ ಮರವಾದರೆ ಅದೂ ಬೇಡ, ಚಿತ್ರ ಸಾಕು. ಕಾಯ್ದಿಟ್ಟ ಕಾಡಿನಲ್ಲಿ ಅನುಮತಿ ಇಲ್ಲದೆ ಮುಟ್ಟಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬೆವೆತು ಕೊಳೆಯುತ್ತದೆ, ಕಾಗದದ ಪೊಟ್ಟಣವೇ ಸರಿ. ಒಂದರಿಂದ ಅಚ್ಚು ತೆಗೆಯಿರಿ, ಉಳಿದದ್ದನ್ನು ಸಣ್ಣ ಬಿಸಿಯಲ್ಲಿ, ನೆರಳಿನಲ್ಲಿ, ಗರಿಗರಿಯಾಗುವಂತೆ ಒಣಗಿಸಿ. ಪೊಟ್ಟಣದ ಮೇಲೆ ತಾರೀಖು, ಊರು, ಮರದ ಹೆಸರು ನಿಮ್ಮ ಊರಿನಲ್ಲಿ ಹೇಗೆ ಕರೆಯುತ್ತೀರೋ ಹಾಗೆ, ನೆಲದಿಂದ ಎತ್ತರ, ತೊಗಟೆ ಹಸಿಯೋ ಒಣಗಿದ್ದೋ, ಹಾವಸೆ ಇತ್ತೋ ಇಲ್ಲವೋ, ಅಚ್ಚಿನ ಬಣ್ಣ, ವಾಸನೆ ಇದ್ದರೆ ಅದು. ಇಷ್ಟು ಬರೆದಿದ್ದರೆ ಮಾನಸಗಂಗೋತ್ರಿಯ ಸಸ್ಯಶಾಸ್ತ್ರ ವಿಭಾಗದಂಥ ಕಡೆಯವರಿಗೆ ತೋರಿಸಲು ಯೋಗ್ಯವಾದ ಮಾದರಿ ನಿಮ್ಮ ಕೈಯಲ್ಲಿದೆ ಎಂದರ್ಥ.

ಶಾಲೆಯ ಉಪಾಧ್ಯಾಯರು ಯಾರಾದರೂ ಕೇಳುತ್ತಿದ್ದರೆ ಅವರಿಗೊಂದು ಮಾತು. ಮಕ್ಕಳಿಗೆ ಹೆಸರು ಸಿಗಲೇಬೇಕೆಂದು ಒತ್ತಾಯಿಸಬೇಡಿ. ‘ಮೈಸಿನಾ ಬಳಗ, ಜಾತಿ ತಿಳಿಯದು, ಹುಣಸೆ ಮರದ ಹಸಿ ತೊಗಟೆ, ಹಾವಸೆಯ ನಡುವೆ’ ಎಂದು ಬರೆದ ಮಗು ಸರಿಯಾಗಿ ಬರೆದಿದೆ. ಪುಸ್ತಕದ ಚಿತ್ರಕ್ಕೆ ಹೋಲಿಸಿ ಉದ್ದದ ಲ್ಯಾಟಿನ್ ಹೆಸರು ಬರೆದು, ಮರದ ಹೆಸರು ಬಿಟ್ಟ ಮಗುವಿಗೆ ಇನ್ನೊಮ್ಮೆ ಮರದ ಹತ್ತಿರ ಹೋಗಿ ಬರಲು ಹೇಳಿ. ಚಿತ್ತೆ, ಸ್ವಾತಿ ಮಳೆಗಳು ಇನ್ನೂ ಬಾಕಿ ಇವೆ. ಕೆಲಸ ಶುರು ಮಾಡುವುದಕ್ಕೆ ಕಾಲ ಮೀರಿಲ್ಲ.